ಕೋಡಿ ಮಾತ್ರ ಇರುವ ಕೆರೆ: ದುರ್ಗದ ಸೀಮೆಯ ಸೈನಸ್ ಬೇನೆ

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿದ ಈ ಮಾರಿಕಣಿವೆ ಜಲಾಶಯ ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ. ಅಜ್ಜ ಹೇಳಿದ್ದ ಕೋಡಿಯನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು. ತೂಬಿಗೂ ಕೋಡಿಗೂ ಇರುವ ವ್ಯತ್ಯಾಸವನ್ನು ಚಿತ್ರದುರ್ಗ ಜಿಲ್ಲೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೂಬು ತಳದಲ್ಲಿರುತ್ತದೆ, ಎತ್ತಿದರೆ ನೀರು ತಾನಾಗಿ ಹರಿಯುತ್ತದೆ. ಕೋಡಿ ಮೇಲಿರುತ್ತದೆ, ಕೆರೆ ತುಂಬಿ ಏರಿದರಷ್ಟೇ ಅಲ್ಲಿಂದ ನೀರು ಹೊರಬೀಳುತ್ತದೆ.

ಈ ದತ್ತಿ ಉಪನ್ಯಾಸಕ್ಕೆ ಮೂಗು, ಸಿಂಬಳದಂಥ ವಿಷಯವೇ ಎಂದು ಸಭೆಯಲ್ಲಿ ಯಾರಿಗಾದರೂ ಅನ್ನಿಸಿದರೆ ಅದಕ್ಕೆ ಉತ್ತರ ಆ ಕೋಡಿಯಲ್ಲೇ ಇದೆ. ಮನುಷ್ಯನ ಎರಡು ಕೆನ್ನೆಯ ಎಲುಬಿನೊಳಗೂ ಒಂದೊಂದು ಪೊಳ್ಳು ಜಾಗವಿದೆ. ದೊಡ್ಡವರಲ್ಲಿ ಅದು ಸುಮಾರು 15 ಮಿ.ಲೀ., ಅಂದರೆ ಮೂರು ಟೀ ಚಮಚ ಹಿಡಿಯುವಷ್ಟು. ಈ ಪುಟ್ಟ ಕೆರೆಗೆ ತೂಬಿಲ್ಲ, ಕೋಡಿ ಮಾತ್ರ ಇದೆ. ಅದರ ಕಿಂಡಿ ಇರುವುದು ಮೇಲ್ಭಾಗದಲ್ಲಿ, ಕಣ್ಣಿನ ಗುಡ್ಡೆಯ ಮಟ್ಟಕ್ಕೆ ಹತ್ತಿರ. ಒಳಗೆ ಊರುವ ಲೋಳೆ ಮೂಗಿಗೆ ಇಳಿಯಬೇಕಾದರೆ ಮೊದಲು ಮೇಲಕ್ಕೆ ಏರಬೇಕು. ಏರಿಸುವುದು ಒಳಪದರದ ಮೇಲಿರುವ ಕಣ್ಣಿಗೆ ಕಾಣದ ರೋಮಗಳು. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬೀಸುತ್ತ, ಮನೆಗೆ ತಾರಸಿ ಹಾಕುವ ದಿನ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಬಾಂಡಲಿ ದಾಟಿಸುವಂತೆ, ಅವು ಲೋಳೆಯನ್ನು ಕಿಂಡಿಯವರೆಗೆ ದಾಟಿಸುತ್ತವೆ.

ಸೈನಸ್ ಎಂಬ ಇಂಥ ಪೊಳ್ಳುಗಳು ಒಟ್ಟು ನಾಲ್ಕು ಜೊತೆ. ಕೆನ್ನೆಯಲ್ಲಿ, ಹಣೆಯಲ್ಲಿ, ಎರಡು ಕಣ್ಣುಗಳ ನಡುವೆ, ತಲೆಯ ಆಳದಲ್ಲಿ. ಇವುಗಳಲ್ಲಿ ಕೆನ್ನೆಯದು, ಹಣೆಯದು, ಕಣ್ಣುಗಳ ನಡುವಿನ ಮುಂಭಾಗದ್ದು, ಮೂರೂ ಮೂಗಿನೊಳಗಿನ ಒಂದೇ ಇಕ್ಕಟ್ಟಿನ ಓಣಿಗೆ ಬಂದು ಸೇರುತ್ತವೆ. ಚಿತ್ರದುರ್ಗದ ಕೋಟೆ ಹತ್ತಿದವರು ನೋಡಿದ್ದಾರೆ: ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ. ನಡುವಿನ ಕಾಲುವೆಯಲ್ಲಿ ಒಂದು ಕಡೆ ಹೂಳು ಕಟ್ಟಿದರೆ ಮೇಲಿನದೆಲ್ಲ ನಿಲ್ಲುತ್ತದೆ. ಮುಖದ ಹೊಂಡಗಳ ಕಥೆಯೂ ಅಷ್ಟೇ. ಓಣಿಯ ಗೋಡೆ ಊದಿಕೊಂಡರೆ ಕಿಂಡಿ ಮುಚ್ಚುತ್ತದೆ, ಒಳಗೆ ಲೋಳೆ ನಿಲ್ಲುತ್ತದೆ, ನಿಂತಲ್ಲಿ ಕೀಟಾಣು ಬೆಳೆಯುತ್ತವೆ. ಸೈನಸ್ ಸೋಂಕು ಅಂದರೆ ಇಷ್ಟೇ, ಅದರ ಚಿಕಿತ್ಸೆಯ ತಿರುಳೂ ಇದೇ: ಕೀಟಾಣು ಕೊಲ್ಲುವುದಕ್ಕಿಂತ ಮೊದಲು ಕೋಡಿ ಬಿಡಿಸಬೇಕು.

ಓಣಿ ಊದಿಸಲು ಬೇಕಾದ್ದೆಲ್ಲ ಈ ಸೀಮೆಯಲ್ಲಿ ಧಾರಾಳವಾಗಿದೆ. ಜಿಲ್ಲೆಯ ಸರಾಸರಿ ಮಳೆ 600 ಮಿ.ಮೀ.ಗಿಂತ ಕಡಿಮೆ. ಆಷಾಢದಲ್ಲಿ ಮೋಡ ಹನಿ ಹಾಕದೆ ಹೋದರೂ ಗಾಳಿ ತಪ್ಪುವುದಿಲ್ಲ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಆ ಗಾಳಿಯನ್ನು ನಂಬಿಯೇ. ಅದೇ ಗಾಳಿ ಒಣ ಹೊಲದ ಕೆಂಪು ದೂಳನ್ನು, ಪಾರ್ಥೇನಿಯಂ ಗಿಡದ ಪರಾಗವನ್ನು ಹೊತ್ತು ತರುತ್ತದೆ. ಚಿತ್ರದುರ್ಗ, ಹಿರಿಯೂರುಗಳ ಮೈಗೆ ಅಂಟಿಕೊಂಡು ಪುಣೆ–ಬೆಂಗಳೂರು ಹೆದ್ದಾರಿ ಹಗಲೂ ರಾತ್ರಿ ಓಡುತ್ತದೆ. ಹಳ್ಳಿಯಲ್ಲಿ ಹೆಂಗಸರಿಗೆ ಸೌದೆ ಒಲೆಯ ಹೊಗೆ ಪೂರ್ತಿ ತಪ್ಪಿಲ್ಲ. ಸಿಲಿಂಡರ್ ಬಂದ ಮನೆಯಲ್ಲೂ ನೀರು ಕಾಯುವುದು ಹಿತ್ತಿಲ ಒಲೆಯಲ್ಲೇ.

ಇನ್ನು ಸುಗ್ಗಿ. ಹೊಳಲ್ಕೆರೆ ಕಡೆಯ ಮೆಕ್ಕೆಜೋಳದ ಕಣವೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಟ್ರ್ಯಾಕ್ಟರಿಗೆ ಕಟ್ಟಿದ ಒಕ್ಕುವ ಮಿಷನ್ನು ತೆನೆ ನುಂಗುತ್ತದೆ. ಒಂದು ಬಾಯಲ್ಲಿ ಕಾಳು ಸುರಿಯುತ್ತದೆ, ಇನ್ನೊಂದು ಬಾಯಿಂದ ಬೆಂಡು, ಹೊಟ್ಟು, ಹಳದಿ ಮಂಜಿನಂಥ ದೂಳು ಚಿಮ್ಮುತ್ತದೆ. ಮಿಷನ್ನಿಗೆ ತೆನೆ ಕೊಡುವ ಆಳಿನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಅರ್ಧ ಗಂಟೆಯಲ್ಲಿ ಒಂದೇ ಬಣ್ಣ. ಬಾಯಿಗೆ ಕಟ್ಟಿದ ಟವಲ್ಲು ಮಾತಾಡುವಾಗ ಜಾರಿ ಗದ್ದಕ್ಕೆ ಬಂದಿರುತ್ತದೆ. ಸಂಜೆ ಸೀನಿದರೆ ಕರಿ ಸಿಂಬಳ. ಮಾರನೆಯ ದಿನ ಮೂಗು ಕಟ್ಟುತ್ತದೆ, ಮೂರನೆಯ ದಿನ ಮನೆಯಲ್ಲಿ ಮಾತು ಹೀಗೆ ನಡೆಯುತ್ತದೆ:

"ಏನ್ರೀ, ಮುಖ ಹಿಂಗ್ಯಾಕೆ ಊದ್ಕಂಡೈತೆ?"

"ಸೈನಸ್ ಕಣೆ. ಬಗ್ಗಿದ್ರೆ ಹಣೆ ಕಿತ್ಕಂಡ್ ಬಂದಂಗಾಗುತ್ತೆ."

ಆಮೇಲಿನ ಹೆಜ್ಜೆ ಬಸ್ ಸ್ಟ್ಯಾಂಡಿನ ಮೆಡಿಕಲ್ ಶಾಪು. "ಸೈನಸ್ಸಿಗೆ ಏನಾದ್ರೂ ಕೊಡಿ" ಅಂದರೆ ಮೂರು ದಿನದ ಆ್ಯಂಟಿಬಯೋಟಿಕ್, ಒಂದು ನೋವಿನ ಮಾತ್ರೆ, ಮೂಗಿಗೆ ಬಿಡುವ ಹನಿಯ ಬಾಟಲಿ ಕೈಗೆ ಬರುತ್ತವೆ. ತಪ್ಪು ಶುರುವಾಗುವುದು ಇಲ್ಲಿಂದಲೇ. ದೂಳಿನಿಂದ ಬಂದ ಊತ ಅಲರ್ಜಿ. ನೆಗಡಿಯ ಜೊತೆ ಬಂದ ತಲೆಭಾರ ಬಹುಪಾಲು ವೈರಸ್ಸಿನದು. ಆ್ಯಂಟಿಬಯೋಟಿಕ್ ಇವೆರಡಕ್ಕೂ ತಾಕುವುದಿಲ್ಲ, ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು ಮಾತ್ರ. ದೊಡ್ಡವರಿಗೆ ಬರುವ 100 ನೆಗಡಿಗಳಲ್ಲಿ ಬ್ಯಾಕ್ಟೀರಿಯಾದ ಸೈನಸ್ ಸೋಂಕಿಗೆ ತಿರುಗುವುದು ಹೆಚ್ಚೆಂದರೆ ಎರಡು ಎಂಬುದು ವೈದ್ಯಲೋಕ ಒಪ್ಪಿದ ಲೆಕ್ಕ. ಸಿಂಬಳ ಹಳದಿಗೋ ಹಸಿರಿಗೋ ತಿರುಗಿದ ಮಾತ್ರಕ್ಕೆ ಆ ಎರಡರಲ್ಲಿ ಒಂದು ಎನ್ನಲಾಗದು. ದೇಹದ ಬಿಳಿ ರಕ್ತಕಣಗಳು ಕಾದಾಡಿದ ಗುರುತು ಅದು, ವೈರಸ್ ನೆಗಡಿಯಲ್ಲೂ ನಾಲ್ಕೈದನೆಯ ದಿನಕ್ಕೆ ಬಣ್ಣ ಕಾಣುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ವೈದ್ಯರು ನೋಡುವುದು ದಿನದ ಲೆಕ್ಕವನ್ನು. ಹತ್ತು ದಿನ ಕಳೆದರೂ ಒಂಚೂರೂ ಇಳಿಯದ ಮೂಗುಕಟ್ಟು ಮತ್ತು ಮುಖದ ನೋವು ಒಂದು ಗುರುತು. ವಾಸಿಯಾಗುತ್ತ ಬಂದು ಐದಾರನೆಯ ದಿನಕ್ಕೆ ಮತ್ತೆ ಜ್ವರ, ನೋವು ಮರುಕಳಿಸಿದರೆ ಅದು ಇನ್ನೂ ಬಲವಾದ ಗುರುತು. 102 ಡಿಗ್ರಿ ಜ್ವರದ ಜೊತೆ ಕೀವಿನಂಥ ಸಿಂಬಳ ಮೂರು ನಾಲ್ಕು ದಿನ ಎಡೆಬಿಡದೆ ಇದ್ದರೆ ಹತ್ತು ದಿನ ಕಾಯುವಂತಿಲ್ಲ. ಈ ಮೂರರಲ್ಲಿ ಯಾವುದಿದ್ದರೂ ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಆ್ಯಂಟಿಬಯೋಟಿಕ್ಕನ್ನು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಬೇಕು. ಚೀಟಿಯಿಲ್ಲದೆ ಕೊಳ್ಳಬಾರದ ಮಾತ್ರೆಯ ಪಟ್ಟಿಯ ಮೇಲೆ ನಿಲುವಾದ ಕೆಂಪು ಗೆರೆ ಇರುತ್ತದೆ. ಅದರ ಅರ್ಥ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತು. ಬೇಡದ ನೆಗಡಿಗೆ ನುಂಗಿದ ಮಾತ್ರೆಯ ಬೆಲೆಯನ್ನು ಮುಂದೆ ಆ ಮನೆಯಲ್ಲಿ ನ್ಯುಮೋನಿಯಾ ಆದ ಮಗು ತೆರಬೇಕಾಗಬಹುದು. ಅಷ್ಟು ಹೊತ್ತಿಗೆ ಕೀಟಾಣು ಆ ಮದ್ದಿಗೆ ಬಗ್ಗದಂತಾಗಿರುತ್ತದೆ.

ಹತ್ತು ದಿನ ಸುಮ್ಮನೆ ನರಳಬೇಕು ಎಂದಲ್ಲ. ಆ ಹತ್ತು ದಿನದಲ್ಲಿ ಹೆಚ್ಚು ಸುಖ ಕೊಡುವುದು ಅತಿ ಅಗ್ಗದ ಮದ್ದು: ಉಪ್ಪುನೀರು.

ಹೊಳಲ್ಕೆರೆ ತಾಲ್ಲೂಕಿಗೆ ಇದು ಹೊಸ ಮಾತಲ್ಲ. ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ, ತಮ್ಮನ್ನು 'ತಿರುಕ' ಎಂದು ಕರೆದುಕೊಂಡ ಆ ಹಿರಿಯರು, 1996ರಲ್ಲಿ ತೀರಿಕೊಳ್ಳುವವರೆಗೂ ಯೋಗ ಕಲಿಸಿದರು, ಆಯುರ್ವೇದದ ಮದ್ದು ಕೊಟ್ಟರು. ಜೋಳಿಗೆ ಹಿಡಿದು ಊರೂರು ತಿರುಗಿ ಕಟ್ಟಿದ ಆ ಸಂಸ್ಥೆಯಿಂದಾಗಿ ಈ ಸೀಮೆಯ ಎಷ್ಟೋ ಮನೆಗಳಿಗೆ ಆಸನ, ಪ್ರಾಣಾಯಾಮ, ಕ್ರಿಯೆಗಳ ಹೆಸರು ಗೊತ್ತು. ಹಠಯೋಗದ ಷಟ್ಕರ್ಮಗಳಲ್ಲಿ ನೇತಿಯೂ ಒಂದು. ಹಳೆಯ ಗ್ರಂಥಗಳು ಹೇಳುವುದು ಮೂಗಿನಲ್ಲಿ ದಾರ ಹಾಯಿಸುವ ಸೂತ್ರನೇತಿಯನ್ನು. ಇಂದು ಹೆಚ್ಚು ಬಳಕೆಯಲ್ಲಿರುವುದು ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿ.

ಅದಕ್ಕೆ ಪಶ್ಚಿಮದ ವೈದ್ಯರ ಒಪ್ಪಿಗೆಯೂ ಈಗ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ಸೈನಸ್ ಕಾಟ ಪಡುತ್ತಿದ್ದ 871 ಜನರನ್ನು ಆರು ತಿಂಗಳು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ಮತ್ತು ಹಬೆ ತೆಗೆದುಕೊಳ್ಳುವುದನ್ನು ಹೋಲಿಸಿತು. ತೊಳೆದವರಿಗೆ ಪ್ರಯೋಜನ ಕಂಡಿತು. ಹಬೆಯಿಂದ ಕಾಯಿಲೆ ಇಳಿಯಲಿಲ್ಲ.

ತೊಳೆಯುವ ಬಗೆ ಸರಳ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಕಾಲು ಲೀಟರ್. ಅದಕ್ಕೆ ಅರ್ಧ ಟೀ ಚಮಚ ಉಪ್ಪು, ಅಯೋಡಿನ್ ಇಲ್ಲದ್ದು ಸಿಕ್ಕರೆ ಒಳ್ಳೆಯದು. ಜೊತೆಗೆ ಕಾಲು ಚಮಚ ಅಡುಗೆ ಸೋಡಾ ಹಾಕಿದರೆ ಉರಿ ಇರುವುದಿಲ್ಲ. ಬಚ್ಚಲಲ್ಲಿ ಮುಂದಕ್ಕೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲೇ ಉಸಿರಾಡುತ್ತ, ನೇತಿ ಪಾತ್ರೆಯ ಮೂತಿಯನ್ನು ಮೇಲಿನ ಹೊಳ್ಳೆಗೆ ಹಿಡಿದರೆ ನೀರು ಮೂಗಿನ ಹಿಂದೆ ಸುತ್ತಿ ಕೆಳಗಿನ ಹೊಳ್ಳೆಯಿಂದ ಇಳಿಯುತ್ತದೆ. ಮೊದಲು ತಿಳಿನೀರು, ಆಮೇಲೆ ನೂಲುನೂಲಾಗಿ ಲೋಳೆ, ಅದರಲ್ಲಿ ಕಣದ ದೂಳಿನ ಕಪ್ಪು ಎಳೆ. ಮುಗಿದ ಮೇಲೆ ಮೆಲ್ಲಗೆ ಒಂದೊಂದೇ ಹೊಳ್ಳೆ ಸೀನಿ ತೆಗೆಯಬೇಕು. ಎರಡನ್ನೂ ಅದುಮಿ ಜೋರಾಗಿ ಸೀನಿದರೆ ನೀರು ಕಿವಿಗೆ ನುಗ್ಗುತ್ತದೆ. ಉಪ್ಪು ಕಡಿಮೆಯಾದರೆ ಮೂಗು ಚುರುಗುಟ್ಟುತ್ತದೆ, ಆ ಮೊದಲ ದಿನದ ಚುರುಗುಟ್ಟುವಿಕೆಗೇ ಹೆದರಿ ಬಿಟ್ಟವರು ಬಹಳ. ಅಳತೆ ಸರಿಯಾದರೆ ಕಣ್ಣೀರು ತಾಕಿದಷ್ಟೂ ತಿಳಿಯುವುದಿಲ್ಲ.

ಕುದಿಸುವ ಮಾತಿನಲ್ಲಿ ಮಾತ್ರ ರಿಯಾಯಿತಿ ಇಲ್ಲ. 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ನಲ್ಲಿ ನೀರಿನಲ್ಲಿ ನೇತಿ ಮಾಡಿದ ಇಬ್ಬರು ಮೆದುಳಿಗೆ ಅಮೀಬಾ ಏರಿ ಸತ್ತರು. ಕುಡಿದರೆ ಏನೂ ಮಾಡದ ಆ ಜೀವಿ ಮೂಗಿನ ಮೂಲಕ ಹೋದರೆ ಮೆದುಳನ್ನು ತಿನ್ನುತ್ತದೆ. ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾ ಮೆದುಳುಜ್ವರ ಕಾಣಿಸಿಕೊಂಡು ಜೀವಗಳು ಹೋದವು. ಶಬರಿಮಲೆಗೆ ಹೊರಟ ಮಾಲಾಧಾರಿಗಳಿಗೆ ಸ್ನಾನದ ಹೊತ್ತು ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ನವೆಂಬರಿನಲ್ಲಿ ಎಚ್ಚರಿಸಿತು. ಬೋರ್‌ವೆಲ್, ಟ್ಯಾಂಕು, ಕೃಷಿಹೊಂಡ, ನೀರು ಎಲ್ಲಿಯದೇ ಇರಲಿ, ಅದು ಕಳಕಳ ಕುದಿಯಬೇಕು, ಮುಚ್ಚಿಟ್ಟು ಆರಬೇಕು, ಆಮೇಲೆ ಮೂಗಿಗೆ.

ಹಬೆಯ ಮೇಲೆ ಸಿಟ್ಟು ಬೇಕಿಲ್ಲ. ತಲೆಗೆ ಟವಲ್ಲು ಮುಚ್ಚಿ ಬಿಸಿನೀರಿನ ಮುಂದೆ ಕುಳಿತಾಗ ಸಿಗುವ ಹಾಯಿ ನಿಜವಾದದ್ದೇ, ಗಳಿಗೆಯದ್ದಾದರೂ. ಹುರುಳಿ ಕಟ್ಟಿನ ಸಾರು, ಮೆಣಸಿನ ಕಷಾಯ, ದೊಡ್ಡಪತ್ರೆ ತಂಬುಳಿ ಗಂಟಲಿಗೆ ಹಿತ. ಆದರೆ ಕುದಿಯುವ ಪಾತ್ರೆಯ ಹತ್ತಿರ ಮಕ್ಕಳನ್ನು ಕೂರಿಸಬಾರದು. ಮಗುಚಿ ಸುಟ್ಟ ತೊಡೆಯ ಗಾಯ ನೆಗಡಿಗಿಂತ ಎಷ್ಟೋ ಪಾಲು ದೊಡ್ಡದು. ನೀಲಗಿರಿ ಎಣ್ಣೆ, ಕರ್ಪೂರ ಮಗುವಿನ ಹೊಟ್ಟೆಗೆ ಹೋದರೆ ವಿಷ. ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು ಹೊಗೆ ಎಳೆಯುವ ಪದ್ಧತಿಯನ್ನು ಮಾತ್ರ ಬಿಡಲೇಬೇಕು. ಬಾಂಡಲಿ ದಾಟಿಸುವ ಆ ರೋಮಗಳನ್ನು ಮೊದಲು ಮಲಗಿಸುವುದೇ ಹೊಗೆ, ಅದು ಅರಿಶಿನದ್ದಾಗಲಿ ಬೀಡಿಯದ್ದಾಗಲಿ. ನಶ್ಯಕ್ಕೂ ಇದೇ ಮಾತು.

ವರ್ಷದುದ್ದಕ್ಕೂ ಸೀನು, ತುರಿಕೆ, ಮೂಗುಕಟ್ಟು ಇರುವವರಿಗೆ ವೈದ್ಯರು ಸ್ಟೀರಾಯ್ಡ್ ಇರುವ ಮೂಗಿನ ಸ್ಪ್ರೇ ಬರೆಯುತ್ತಾರೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಜನ ಬೆಚ್ಚುತ್ತಾರೆ. ಈ ಸ್ಪ್ರೇಯಿಂದ ರಕ್ತಕ್ಕೆ ಸೇರುವ ಅಂಶ ತೀರಾ ಕಡಿಮೆ, ಓಣಿಯ ಊತ ಇಳಿಸಲು ಇದಕ್ಕಿಂತ ನೆಚ್ಚಿನ ಮದ್ದು ಸದ್ಯಕ್ಕಿಲ್ಲ. ಆದರೆ ಹೊಡೆದ ಗಳಿಗೆಗೇ ಮೂಗು ಬಿಡುವುದಿಲ್ಲ, ಒಂದೆರಡು ವಾರ ದಿನವೂ ಹಾಕಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಿಡಿದರೆ ಮದ್ದು ನಡುಗೋಡೆಗೆ ಬಡಿಯದೆ ಓಣಿಯ ಕಡೆ ಹೋಗುತ್ತದೆ, ರಕ್ತ ಸೋರುವುದಿಲ್ಲ.

ಎಲ್ಲ ತಲೆನೋವೂ ಸೈನಸ್ ಅಲ್ಲ. ಅಮೆರಿಕದಲ್ಲಿ ತಮಗಿರುವುದು ಸೈನಸ್ ತಲೆನೋವು ಎಂದು ನಂಬಿದ್ದ 2,991 ಜನರನ್ನು ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡ 88 ಮಂದಿಯದು ಮೈಗ್ರೇನ್ ಬಗೆಯ ನೋವಾಗಿತ್ತು. ಬೆಳಕು ಕಂಡರಾಗದು, ವಾಕರಿಕೆ, ಅರೆತಲೆ ಸಿಡಿತ ಇದ್ದು ಮೂಗಿನಲ್ಲಿ ಕೀವಿಲ್ಲದಿದ್ದರೆ ಅದು ಅರೆತಲೆನೋವು, ಅದರ ಮದ್ದೇ ಬೇರೆ. ಹೊತ್ತೇರಿದಂತೆ ಏರಿ ಸಂಜೆಗೆ ಇಳಿಯುವ ಹಣೆನೋವನ್ನು ಸುಶ್ರುತ ಸಂಹಿತೆ ಸೂರ್ಯಾವರ್ತ ಎಂದು ಬೇರೆಯಾಗಿಯೇ ಗುರುತಿಸಿದೆ. ಹಣೆಯ ಸೈನಸ್ ಕಟ್ಟಿದವರ ನೋವೂ ಈ ಲಯದಲ್ಲೇ ಏರಿಳಿಯುವುದುಂಟು. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಕೀವು ಬಂದರೆ ದೊಡ್ಡವರು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು. ಮೇಲ್ದವಡೆಯ ಹಲ್ಲಿನ ಬೇರು ಕೆನ್ನೆಯ ಸೈನಸ್ಸಿನ ನೆಲಕ್ಕೇ ತಾಗಿರುತ್ತದೆ. ಮಗುವಿಗಾದರೆ ಹುಣಸೆ ಬೀಜವೋ ಶೇಂಗಾ ಕಾಳೋ ಮೂಗಿನಲ್ಲಿದೆ ಎಂದೇ ತಿಳಿಯಬೇಕು. ಬೊಂಬೆಯ ಗುಂಡಿ ಬ್ಯಾಟರಿ ಸಿಕ್ಕಿಕೊಂಡಿದ್ದರೆ ಅದು ಗಂಟೆಗಳಲ್ಲಿ ಒಳಗೆ ಸುಡುತ್ತದೆ, ತಡಮಾಡದೆ ತೆಗೆಸಬೇಕು.

ಹನ್ನೆರಡು ವಾರ ದಾಟಿದ ಬೇನೆಗೆ ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪಿ, ಕೆಲವೊಮ್ಮೆ ಆಪರೇಷನ್. ಆಪರೇಷನ್ನಿನ ಚರಿತ್ರೆಯಲ್ಲಿ ಕೋಡಿಯ ಮಾತು ಮತ್ತೆ ಬರುತ್ತದೆ. 1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲುಕ್, ಒಬ್ಬರಿಗೊಬ್ಬರು ತಿಳಿಯದೆ, ಒಂದೇ ಉಪಾಯ ಕಂಡರು: ಮೇಲ್ತುಟಿಯ ಒಳಗೆ ಕೊಯ್ದು, ಎಲುಬು ತೂತು ಮಾಡಿ, ಕೆನ್ನೆಯ ಕೆರೆಯ ತಳದಲ್ಲಿ ಒಂದು ತೂಬು ಇಡುವುದು. ಕೇಳಲು ನ್ಯಾಯವಾಗಿಯೇ ಇದೆ. ಮುಕ್ಕಾಲು ಶತಮಾನ ಜಗತ್ತು ಹಾಗೇ ಮಾಡಿತು. ಆದರೂ ಎಷ್ಟೋ ಜನಕ್ಕೆ ಕೀವು ನಿಲ್ಲಲಿಲ್ಲ. ಯಾಕೆಂದು ತೋರಿಸಿದವರು ಆಸ್ಟ್ರಿಯಾದ ಗ್ರಾಜ್ ನಗರದ ಮೆಸ್ಸರ್‌ಕ್ಲಿಂಗರ್. ಪೆನ್ಸಿಲಿಗಿಂತ ಸಪೂರವಾದ ದುರ್ಬೀನನ್ನು ಮೂಗಿನೊಳಗೆ ಹಾಯಿಸಿ ವರ್ಷಗಟ್ಟಲೆ ನೋಡಿದ ಅವರಿಗೆ ಕಂಡದ್ದು ಇದು: ರೋಮಗಳು ಲೋಳೆಯನ್ನು ಹೊಸ ತೂಬಿನ ಪಕ್ಕದಲ್ಲೇ ದಾಟಿಸಿಕೊಂಡು ಹೋಗಿ, ಹುಟ್ಟಿನಿಂದ ಇದ್ದ ಮೇಲಿನ ಕೋಡಿಗೇ ಒಪ್ಪಿಸುತ್ತಿದ್ದವು. 1978ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಪುಸ್ತಕ ಶಸ್ತ್ರವೈದ್ಯರ ದಾರಿ ಬದಲಿಸಿತು. ತೂಬು ತೋಡುವುದು ನಿಂತು ಕೋಡಿಯ ಹೂಳು ತೆಗೆಯುವುದು ಶುರುವಾಯಿತು. ಮುಖಕ್ಕೆ ಕೊಯ್ತವಿಲ್ಲ, 4 ಮಿ.ಮೀ. ದಪ್ಪದ ದುರ್ಬೀನು, ಹೊಳ್ಳೆಯ ಮೂಲಕವೇ ಕೆಲಸ. ಇಂದು ಜಿಲ್ಲಾ ಕೇಂದ್ರಗಳ ಮಟ್ಟದಲ್ಲೂ ನುರಿತ ಕಿವಿ-ಮೂಗು-ಗಂಟಲು ತಜ್ಞರು ಮಾಡುವುದು ಇದನ್ನೇ. ಕಣ್ಣಿಗೂ ಸೈನಸ್ಸಿಗೂ ನಡುವೆ ಕಾಗದದಷ್ಟು ತೆಳು ಎಲುಬು ಇರುವುದರಿಂದ ಈ ಕೆಲಸ ನುರಿತವರಿಗೇ ಮೀಸಲು. 'ಮೂಗಿನ ದುರ್ಮಾಂಸ ಆಪರೇಷನ್ ಇಲ್ಲದೆ ತೆಗೆಯಲಾಗುವುದು' ಎಂಬ ಬೋರ್ಡು ನಂಬಿ ಖಾರದ ಮದ್ದಿನಿಂದ ಮೂಗು ಸುಡಿಸಿಕೊಂಡರೆ ಓಣಿಯೇ ಗಾಯಗಟ್ಟಿ ಅಂಟಿಕೊಳ್ಳುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. 2021ರ ಮೇ ತಿಂಗಳು ಕೋವಿಡ್ಡಿನ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ಶುರುವಾಗುತ್ತಿದ್ದದ್ದು ಮೂಗು ಮತ್ತು ಸೈನಸ್ಸಿನಲ್ಲೇ. ಆ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಜನಕ್ಕೆ ತಗುಲಿ, 4,300ಕ್ಕೂ ಹೆಚ್ಚು ಜನ ಸತ್ತಿದ್ದರು. ಎಷ್ಟೋ ಜನ ಕಣ್ಣು ಕಳೆದುಕೊಂಡರು. ಕೋವಿಡ್ ಹೋದರೂ ಆ ಶಿಲೀಂಧ್ರ ಮಣ್ಣಿನಲ್ಲಿದೆ, ಹತೋಟಿ ತಪ್ಪಿದ ಸಕ್ಕರೆಗಾಗಿ ಕಾದಿದೆ. ಕೆನ್ನೆ ಜೋಮು ಹಿಡಿಯುವುದು, ಅಂಗುಳಲ್ಲೋ ಮೂಗಿನಲ್ಲೋ ಕಪ್ಪು ಹಕ್ಕಳೆ ಕಾಣುವುದು ಅದರ ಗುರುತು. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಕಣ್ಣು ಊದಿಕೊಂಡರೆ, ಒಂದು ಎರಡಾಗಿ ಕಂಡರೆ, ಹಣೆ ಉಬ್ಬಿದರೆ, ಜ್ವರದ ಜೊತೆ ಕತ್ತು ಬಿಗಿದು ಮಾತು ತಡವರಿಸಿದರೆ ಬೆಳಗಿನ ಬಸ್ಸಿಗೆ ಕಾಯಬಾರದು. ಹೊಸದುರ್ಗದ ಕೊನೆಯ ಹಳ್ಳಿಯಿಂದಾದರೂ ಸರಿ, ರಾತ್ರಿಯೇ 108ಕ್ಕೆ ಫೋನು ಮಾಡಿ ದೊಡ್ಡಾಸ್ಪತ್ರೆ ಸೇರಬೇಕು.

ಇನ್ನು ಮೆಡಿಕಲ್ ಶಾಪು ಕೊಟ್ಟ ಆ ಹನಿಯ ಬಾಟಲಿ. ಬಿಟ್ಟ ಎರಡು ನಿಮಿಷಕ್ಕೆ ಮೂಗು ತೆರೆಯುವ ಆ ಹನಿ ರಕ್ತನಾಳಗಳನ್ನು ಹಿಂಡಿ ಊತ ಇಳಿಸುತ್ತದೆ. ನಾಲ್ಕು ದಿನ ಅದು ಒಳ್ಳೆಯ ಮದ್ದು. ವಾರ ದಾಟಿತೆಂದರೆ ಹಿಂಡಿದ ನಾಳಗಳು ಮೊದಲಿಗಿಂತ ಹೆಚ್ಚಾಗಿ ಉಬ್ಬುತ್ತವೆ, ಆಗ ಹನಿಯಿಲ್ಲದೆ ನಿದ್ದೆಯೇ ಬಾರದು. ವರ್ಷಗಟ್ಟಲೆ ಜೇಬಿನಲ್ಲಿ ಬಾಟಲಿ ಇಟ್ಟುಕೊಂಡು ತಿರುಗುವ ಲಾರಿ ಡ್ರೈವರುಗಳು, ಮಂಡಿ ಗುಮಾಸ್ತರು ತಮಗಿರುವುದು ಸೈನಸ್ ಎಂದೇ ತಿಳಿದಿದ್ದಾರೆ. ಅವರಿಗಿರುವುದು ಆ ಹನಿಯ ಕಾಯಿಲೆ. ನಿಮ್ಮ ಮನೆಯ ಗೂಡಿನಲ್ಲಿ ಅಂಥದೊಂದು ಬಾಟಲಿ ಇದ್ದರೆ ಇವತ್ತೇ ತೆಗೆದು ನೋಡಿ. ತೆರೆದ ತಾರೀಖು ನೆನಪಿಲ್ಲವೆಂದರೆ ಬಿಸಾಡಿ. ಹೊಸದು ತಂದರೆ ತೆರೆದ ದಿನವನ್ನು ಪೆನ್ನಿನಲ್ಲಿ ಅದರ ಮೇಲೆಯೇ ಬರೆಯಿರಿ, ಐದನೆಯ ದಿನ ನಿಲ್ಲಿಸಿ.